ಹಣಿ ಮ್ಯಾಲ 9900 ಬರದ್ರ ಹಣೇಬರ ಬದಲಾಗ್ತದೇನ್ರಿ?

ಬಸವಕಲ್ಯಾಣದ ಒಂದು ಮೊಬೈಲ್ ರಿಪೇರಿ ಅಂಗಡಿ. ಡ್ರಾವರಿನಲ್ಲಿ ಸ್ಕ್ರೂಗಳ ನಡುವೆ 18650 ಲಿಥಿಯಂ ಅಯಾನ್ ಸೆಲ್ಲೊಂದು ಮಲಗಿದೆ. ಡಿಪ್ಲೊಮಾ ಹುಡುಗರು ರೋಬೋ ಕಾರಿಗೆಂದು ಒಯ್ಯುವ ಮೊದಲು ನಮ್ಮ ಪ್ರತಿನಿಧಿ ಅದನ್ನು ಮಾತಿಗೆಳೆದರು.

ತಮ್ಮ ಪರಿಚಯ?

ಶರಣು ಬರ್ರಿ. 18 ಮಿಲಿಮೀಟರ್ ದಪ್ಪ, 65 ಉದ್ದ. ಕಡೀ ಸೊನ್ನಿ ನಾ ಗುಂಡಗ ಅದೀನಿ ಅನ್ನಲಕ್ಕ. ಲಿಥಿಯಂ ಅಯಾನ್ ಮನೆತನ 1991ರಾಗ ಸೋನಿ ಕಂಪನಿಯಿಂದ ಪ್ಯಾಟಿಗೆ ಬಂತು. 2019ರಾಗ ನಮ್ಮನ್ನ ಹುಟ್ಟಿಸಿದ ಮೂರು ಮಂದಿಗೆ ನೊಬೆಲ್ ಸಿಕ್ತು. ನನಗ ಈ ಡ್ರಾವರ್ ಸಿಕ್ತು.

ಮೈಮೇಲೆ 9900 ಎಂಎಎಚ್ ಎಂದು ಬರೆದಿದೆಯಲ್ಲ!

ಸುಳ್ಳ್ರಿ. ಹಳೇ ಲ್ಯಾಪ್‌ಟಾಪಿಂದ ಕಿತ್ತು, ಹೊಸ ಪ್ಲಾಸ್ಟಿಕ್ ಅಂಗಿ ತೊಡಿಸಿ ಬರದಾರ. ಹೊಸಾದಿದ್ದಾಗ ನಂದು 2200. ನಮ್ಮ ಅಳತಿಯೊಳಗ ಭಾರಿ ಪೈಲ್ವಾನ ಅಂದ್ರೂ 3600ರ ಆಸುಪಾಸು. ಅದೂ ಅಲ್ಲದ, ಆ ನಂಬರ್ ಎಷ್ಟೊತ್ತು ದುಡೀತೀನಿ ಅಂತ ಹೇಳ್ತದ, ಒಮ್ಮಿಗೆ ಎಷ್ಟು ಎತ್ತತೀನಿ ಅಂತ ಹೇಳಂಗಿಲ್ಲ. ಡ್ರಿಲ್ ಮಷೀನಿನ ಸೆಲ್ 2500 ಇದ್ದೂ 20 ಆಂಪಿಯರ್ ಕೊಡ್ತದ. ನನ್ನ ಕಡಿಂದ ಮೂರ್ನಾಲ್ಕು ಕೇಳಿದ್ರ ಅದೇ ದೊಡ್ಡದು.

ಹುಡುಗರು ಕರೆಂಟ್ ಸಾಲದು ಎನ್ನುತ್ತಾರೆ.

ಕರೆಂಟ್ ನಾ ದೂಕಂಗಿಲ್ರಿ, ಮೋಟಾರ್ ಎಳಕೋತದ. ಎಳದಾಗ ನನ್ನೊಳಗಿನ ರೋಧ ಅಡ್ಡ ಬರ್ತದ. ವಯಸ್ಸಾಗಿ ಅದು 0.1 ಓಮ್ ಆಗ್ಯಾದ. 5 ಆಂಪಿಯರ್ ಜಗ್ಗಿದ್ರ ಅರ್ಧ ವೋಲ್ಟ್ ನನ್ನ ಹೊಟ್ಟ್ಯಾಗೇ ಕರಗಿ ಎರಡೂವರಿ ವ್ಯಾಟ್ ಕಾವಾಗ್ತದ. ಗಾಡಿ ಹೊಂಡೂ ಮೊದಲೇ ಕಂಟ್ರೋಲರ್ ರೀಸ್ಟಾರ್ಟ್. ನಡುವ ಎಲ್ 298 ಎನ್ ಅನ್ನೂ ದಲ್ಲಾಳಿ ಚಿಪ್ಪು ತನ್ನ ಪಾಲಿಗೆ ಸುಮಾರು 2 ವೋಲ್ಟ್ ಮುರಕೋತದ. ಅದ್ರ ಮ್ಯಾಲ ಕೂದಲಿನಂಥ ವಾಯರ್. ಬೈಗಳ ಮಾತ್ರ ನನಗ.

ಬೂಸ್ಟ್ ಕನ್ವರ್ಟರ್ ಹಾಕಿದರೆ?

ಅದು ನನ್ನ ಹೆಸರಲೆ ಸಾಲಾ ಮಾಡಿ ಊರಿಗೆ ಊಟಾ ಹಾಕಿದಂಗ್ರಿ. ಆ ಕಡಿ 12 ವೋಲ್ಟಿಗೆ 1 ಆಂಪಿಯರ್ ಬೇಕಂದ್ರ, ಈ ಕಡಿ 3.6 ವೋಲ್ಟಿನ ನಾ 3.3ಕ್ಕಿಂತ ಜಾಸ್ತಿ ಕೊಡಬೇಕು.

ಸಸ್ತಾಪುರ ಬಂಗ್ಲಾದಲ್ಲಿ ಲಾರಿ ಬ್ಯಾಟರಿಗಳು ನೂರಾರು ಆಂಪಿಯರ್ ಕೊಡುತ್ತವೆ...

ಅವ್ರು ನಮ್ಮ ಹಿರೇರು, ಸೀಸದ ಮಂದಿ. ಒಳಗ ತೆಳ್ಳನ ಪ್ಲೇಟ್ ಒತ್ತೊತ್ತಾಗಿ ಜೋಡಿಸಿರ್ತಾರ. ರಾಸಾಯನಿಕ ಮುಟ್ಟೂ ಜಾಗ ಹೆಚ್ಚು, ರೋಧ ಕಮ್ಮಿ. ಅದಕ್ಕ ಸ್ಟಾರ್ಟರ್ ಒಂದೇ ಏಟಿಗೆ ತಿರಗ್ತದ. ಅವ್ರನ್ನ ಹೊರಲಕ್ಕ ಇಬ್ಬರು ಬೇಕು, ರೋಬೋ ಕಾರಿಗಿ ಏರಿಸ್ತೀರೇನು?

ಹಾಗಾದರೆ ದಾರಿ?

ಜೋಡಿ ಕೊಡ್ರಿ. ನನ್ನಂಥವ ಇನ್ನೊಬ್ಬ ಪ್ಯಾರಲಲ್ ನಿಂತ್ರ ಆ 5 ಆಂಪಿಯರ್ ಎರಡೂವರಿ-ಎರಡೂವರಿ ಹಂಚಿ ಹೋಗ್ತದ. ಒಬ್ಬೊಬ್ಬರ ಕಾವು ಅರ್ಧ ಅಲ್ರಿ, ಕಾಲು ಭಾಗಕ್ಕ ಇಳೀತದ. ಸರಣಿಯಾಗ ಕಟ್ಟಿದ್ರ ವೋಲ್ಟೇಜ್ ಏರ್ತದ, ಆಂಪಿಯರ್ ಹೊರೂ ತಾಕತ್ತು ಇದ್ದಷ್ಟೇ.

ಆದ್ರ ಇದು ಅನುಭವ ಮಂಟಪದ ಊರು, ಸಮಾನತಿ ನೋಡಿ ಕೂಡಿಸ್ರಿ. ಒಂದು 4.2 ವೋಲ್ಟ್, ಇನ್ನೊಂದು 3.3 ಇದ್ದಾಗ ತಂತಿ ಮುಟ್ಟಿಸಿದ್ರ, ಇಬ್ಬರ ರೋಧ ಕೂಡಿ 0.2 ಓಮ್ ಅಂತ ಹಿಡದ್ರೂ, ತುಂಬಿದವ ಖಾಲಿದವನ ಒಳಗ ನಾಕೂವರಿ ಆಂಪಿಯರ್ ನುಗ್ಗಸ್ತಾನ. ಭಾಷಣದಾಗ ಎಲ್ಲಾರೂ ಸಮಾನ ಅಂತಾರ. ಮಲ್ಟಿಮೀಟರ್ ಹಚ್ಚಿ ನೋಡೋರು ಯಾರೂ ಇಲ್ಲ.

ಪ್ರೊಟೆಕ್ಷನ್ ಬೋರ್ಡ್ ತೆಗೆದರೆ ಹೆಚ್ಚು ಕರೆಂಟ್ ಬರುತ್ತದಂತೆ?

ಬರ್ತದ, ಬೆಂಕಿ ಸಂಗಟ. ಮಿತಿ ಮೀರಿದಾಗ ಕಡಿಯೋದೇ ಅದ್ರ ಕಾಯಕ. ಪ್ರಾಮಾಣಿಕ ನೌಕರಗ ವರ್ಗಾ ಮಾಡೂ ಚಾಳಿ ನಿಮ್ಮದು, ಅದನ್ನ ನಮ್ಮ ತನಕ ತರಬ್ಯಾಡ್ರಿ. ಮತ್ತ ನನ್ನ ಮೈಗಿ ಡೈರೆಕ್ಟ್ ಕಾವಿಕೋಲು ಒತ್ತಿ ಸೋಲ್ಡರ್ ಮಾಡಬ್ಯಾಡ್ರಿ. ನಿಕ್ಕಲ್ ಪಟ್ಟಿ ಇಟ್ಟು ಸ್ಪಾಟ್ ವೆಲ್ಡ್ ಮಾಡಿಸ್ರಿ.

ಹುಡುಗರು ಬಂದರು. ಹೊರಡುತ್ತೀರಾ?

ಮಲ್ಟಿಮೀಟರ್ ತಂದಾರೇನ್ ಕೇಳ್ರಿ. ತಂದಿಲ್ಲಾ? ಹಂಗಾದ್ರ ನನಗ ಯಾವುದಾರ ಸಣ್ಣ ಟಾರ್ಚಿಗಿ ಹಾಕಿ ಕೊಡ್ರಿ ಸರ್. ಎಲ್‌ಇಡಿ ಬೇಡೂದು ಕಮ್ಮಿ, ನನ್ನ ವಯಸ್ಸಿಗಿ ಹೊಂದತದ. ಜನವರಿಯಾಗ ಯಾರಾರ ಹುಮನಾಬಾದಿನ ವೀರಭದ್ರೇಶ್ವರ ಜಾತ್ರಿಗಿ ಒಯ್ದ್ರ, ಕಿಸೆದಾಗ ಕುಂತು ನಾನೂ ತೇರು ನೋಡ್ತೀನಿ.