ಜಾವಾ ರಾಯರ ಬೆವರು

ಮೈಸೂರಿನಲ್ಲಿ ಬಡಾವಣೆಗೊಬ್ಬರು ಜಾವಾ ರಾಯರು ಇದ್ದೇ ಇರುತ್ತಾರೆ. ಕುವೆಂಪುನಗರದಲ್ಲಿದ್ದಾರೆ, ಒಂಟಿಕೊಪ್ಪಲಿನಲ್ಲಿದ್ದಾರೆ. ಸರಸ್ವತಿಪುರಂನಲ್ಲಂತೂ ಒಂದೇ ರಸ್ತೆಯಲ್ಲಿ ಇಬ್ಬರಿದ್ದು, ಪರಸ್ಪರ ಮಾತಿಲ್ಲ. ಬ್ಯಾಂಕಿನಿಂದಲೋ ಎಲ್‌ಐಸಿಯಿಂದಲೋ ನಿವೃತ್ತರಾದವರು. ಪಿಂಚಣಿ ಬರುತ್ತದೆ, ಮಕ್ಕಳು ಹೊರದೇಶದಲ್ಲಿದ್ದಾರೆ, ಬಿ.ಪಿ. ಹತೋಟಿಯಲ್ಲಿದೆ. ಹತೋಟಿಗೆ ಬಾರದ್ದು ಒಂದೇ: ಪೋರ್ಟಿಕೋದಲ್ಲಿ ನಿಂತ 1969ರ ಜಾವಾ ಮೋಟಾರ್‌ಸೈಕಲ್ಲಿನ ಕೆಳಗೆ ದಿನಾ ಬೆಳಿಗ್ಗೆ ಕಾಣಿಸಿಕೊಳ್ಳುವ, ಐದು ರೂಪಾಯಿ ನಾಣ್ಯದಗಲದ ಎಣ್ಣೆ ಕಲೆ.

ಅದನ್ನು ಸೋರಿಕೆ ಅಂದರೆ ಅವರಿಗೆ ಕೋಪ ಬರುತ್ತದೆ. "ಸೋರೋದಲ್ಲಾರೀ ಅದು, ಬೆವರೋದು" ಎನ್ನುತ್ತಾರೆ. ರಾಯರ ಶಾಸ್ತ್ರದಲ್ಲಿ ಮೊದಲು ಬೆವರುವುದು, ಆಮೇಲೆ ಜಿನುಗುವುದು, ತೀರಾ ಕೆಟ್ಟರೆ ತೊಟ್ಟಿಕ್ಕುವುದು. ಸೋರುವುದೇನಿದ್ದರೂ ಬೇರೆಯವರ ಗಾಡಿ. ಬೇರೆಯವರು ಅಂದರೆ ಎದುರು ಮನೆಯ ಬುಲೆಟ್ಟಿನವರು. ಆ ಹಳೆಯ ಬುಲೆಟ್ಟಿನ ಮಾಲೀಕರಿಗೆ ಈ ವಿಷಯದಲ್ಲಿ ಲಜ್ಜೆಯೇ ಇಲ್ಲ. ಎಣ್ಣೆ ಸೋರುತ್ತಿಲ್ಲ ಎಂದರೆ ಒಳಗೆ ಎಣ್ಣೆಯೇ ಇಲ್ಲ ಅಂತ ಅರ್ಥ, ಎಂದು ನಗುತ್ತಾರೆ. ರಾಯರಿಗೆ ಉರಿಯುವುದೂ ಅದಕ್ಕೇ. ಬುಲೆಟ್ ಫೋರ್‌ಸ್ಟ್ರೋಕ್, ಅದರಲ್ಲಿ ಪಂಪು ಎಂಜಿನ್ ತುಂಬಾ ಎಣ್ಣೆ ಓಡಿಸುತ್ತಿರುತ್ತದೆ, ಎಲ್ಲೋ ಒಂದು ಕಡೆ ಹೊರಗೆ ಬಂದರೆ ಅದಕ್ಕೊಂದು ನ್ಯಾಯವಿದೆ. ಜಾವಾ ಟೂಸ್ಟ್ರೋಕ್. ಎಂಜಿನ್ನಿನ ಪಾಲಿನ ಎಣ್ಣೆಯನ್ನು ಪೆಟ್ರೋಲಿನಲ್ಲೇ ಕಲಸುತ್ತೇವೆ, ಅದು ಉರಿದು ಹೊಗೆಯಾಗಿ ಹೋಗುತ್ತದೆ. ಉಳಿಯುವುದು ಗೇರ್‌ಬಾಕ್ಸು ಮತ್ತು ಕ್ಲಚ್ಚಿನ ಕಡೆ ಸುಮ್ಮನೆ ಕೂತಿರುವ ಒಂದಿಷ್ಟು ಎಣ್ಣೆ. ಯಾರೂ ತಳ್ಳದೆ ಅದು ತಾನಾಗಿ ಹೊರಗೆ ಬರುವುದೆಂದರೆ ಮನೆತನದ ಮರ್ಯಾದೆ ಪ್ರಶ್ನೆ.

ಮರ್ಯಾದೆ ಅಂದದ್ದು ತಮಾಷೆಗಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಗಾಡಿಗಳು ಹೊರಬರತೊಡಗಿದ್ದು, ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ದಿ ಆಗಿದ್ದು, 1996ರಲ್ಲಿ ಬಾಗಿಲು ಹಾಕಿದ್ದು, ಇಷ್ಟನ್ನೂ ರಾಯರು ಸ್ವಂತ ಮನೆಯ ಮದುವೆ, ನಾಮಕರಣ, ತಿಥಿಗಳ ಹಾಗೆ ಹೇಳುತ್ತಾರೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ. ಅವತ್ತು ಊರಿನ ಹಳೆಯ ಜಾವಾ, ಯೆಜ್ದಿಗಳೆಲ್ಲ ಸಾಲಾಗಿ ನಿಲ್ಲುತ್ತವೆ. ನಿಂತ ಮೇಲೆ ಪ್ರತಿಯೊಬ್ಬರೂ ಮಾಡುವ ಮೊದಲ ಕೆಲಸ ಪಕ್ಕದವನ ಗಾಡಿಯ ಟ್ಯಾಂಕು ನೋಡುವುದಲ್ಲ; ಅದರ ಕೆಳಗೆ ಬಗ್ಗಿ ನೆಲ ನೋಡುವುದು. ಅಷ್ಟು ಹೊತ್ತಿಗೆ ತಮ್ಮ ಗಾಡಿಯ ನೆಲ ಒಣಗಿರಬೇಕೆಂಬುದು ರಾಯರ ಜೀವನದ ಗುರಿ.

ಹೀಗಾಗಿ ಪತ್ತೇದಾರಿಕೆ. ರಾತ್ರಿ ಮಲಗುವ ಮುನ್ನ ಗಾಡಿಯ ಕೆಳಗೆ ಒಂದು ರಟ್ಟು ಹಾಸುತ್ತಾರೆ. ಬೆಳಿಗ್ಗೆ ರಟ್ಟು ತೆಗೆದು, ಕಲೆಯ ಸುತ್ತ ಬಾಲ್‌ಪೆನ್ನಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆದು ಸಣ್ಣ ಸಹಿ ಹಾಕುತ್ತಾರೆ. ಬ್ಯಾಂಕು ಅವರನ್ನು ಬಿಟ್ಟರೂ ಅವರು ಬ್ಯಾಂಕನ್ನು ಬಿಟ್ಟಿಲ್ಲ. ಆನ್‌ಲೈನ್‌ನಲ್ಲಿ ಮನೆಯಾಕೆ ಸೀರೆ ತರಿಸಿದರೆ ಇವರು ಸೀರೆಗಿಂತ ಮೊದಲು ಡಬ್ಬ ಕೇಳುವುದು ಇದೇ ಕಾರಣಕ್ಕೆ. ರಟ್ಟುಗಳ ಕಟ್ಟು ಈಗ ಅಟ್ಟ ಸೇರಿದೆ.

ಸಲಹೆ ಕೊಡುವವರಿಗೇನೂ ಬರವಿಲ್ಲ. ವಾಕಿಂಗ್ ಗೆಳೆಯರು ಡ್ರೈನ್ ಬೋಲ್ಟಿನ ತಾಮ್ರದ ವಾಷರ್ ಬದಲಿಸಿ ಎಂದರು, ಬದಲಿಸಿದ್ದಾಯಿತು. ಹಾಲಿನ ಹುಡುಗ ಎಂ-ಸೀಲ್ ಮೆತ್ತಿ ಸಾರ್ ಎಂದ. ಆ ಮಾತಿಗೆ ಅವನನ್ನು ಇನ್ನೂ ಕ್ಷಮಿಸಿಲ್ಲ. ರಾಯರಿಗೆ ಮಾತ್ರ ಅನುಮಾನವಿದ್ದದ್ದು ಗೇರ್ ಶಾಫ್ಟಿನ ಸೀಲಿನ ಮೇಲೆ. ಜಾವಾದಲ್ಲಿ ಗೇರ್ ಹಾಕುವ ಪೆಡಲೇ ಕಿಕ್ಕರ್. ಒಳಗೆ ಒತ್ತಿ ಮೇಲೆತ್ತಿದರೆ ಕಿಕ್, ಮತ್ತೆ ಇಳಿಸಿದರೆ ಗೇರ್. ಒಂದರೊಳಗೊಂದು ಶಾಫ್ಟು, ಐವತ್ತು ವರ್ಷ ತುಳಿಸಿಕೊಂಡು ಸವೆದಿದ್ದರೆ ಹೊಸ ಸೀಲು ಹಾಕಿದರೂ ಎಣ್ಣೆ ನಿಲ್ಲುವುದಿಲ್ಲ. ಅನುಮಾನ ಸರಿಯಾದದ್ದೇ. ಕ್ಲಚ್ ಕವರ್ ತಾವೇ ಬಿಚ್ಚಿ, ಸೀಲು ಬದಲಿಸಿ, ಕವರಿಗೆ ಧಾರಾಳವಾಗಿ ಅನಾಬಾಂಡ್ ಅಂಟು ಬಳಿದು ಕೂರಿಸಿದರು. ಮರುದಿನದ ರಟ್ಟಿನ ಮೇಲೆ ಕಲೆ ಸ್ವಲ್ಪ ದೊಡ್ಡದಾಗಿತ್ತು.

ಆಮೇಲಿನದು ಪೌಡರ್ ಪ್ರಯೋಗ. ಇದು ಹಾಸ್ಯಾಸ್ಪದವೆಂದು ಕಂಡರೂ ಒಳ್ಳೆಯ ಉಪಾಯ ಎಂದು ಒಪ್ಪಲೇಬೇಕು. ಎಣ್ಣೆ ಎಲ್ಲಿ ಬೀಳುತ್ತದೋ ಅಲ್ಲೇ ಹುಟ್ಟುವುದಿಲ್ಲ. ಮೇಲೆಲ್ಲೋ ಹೊರಟು, ಕವರಿನ ಅಂಚು ಹಿಡಿದು ಇಳಿದು, ಓಡುವಾಗ ಗಾಳಿಗೆ ಹಿಂದಕ್ಕೆ ಸರಿದು, ಕೊನೆಗೆ ಯಾವುದೋ ನಿರಪರಾಧಿ ಬೋಲ್ಟಿನ ತುದಿಯಿಂದ ತೊಟ್ಟಿಕ್ಕುತ್ತದೆ. ಆದ್ದರಿಂದ ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ ಒಂದು ಸುತ್ತು ಓಡಿಸಿ ಬರಬೇಕು. ಎಲ್ಲಿಂದ ಒದ್ದೆ ಗೆರೆ ಹೊರಟಿದೆಯೋ ಅಲ್ಲೇ ಕಳ್ಳ. ರಾಯರು ಮನೆಯಾಕೆಯ ಮಲ್ಲಿಗೆ ವಾಸನೆಯ ಪೌಡರ್ ಡಬ್ಬಿಗಳನ್ನು ಗಾಡಿಗೆ ಸುರಿದು, ಚಾಮುಂಡಿ ಬೆಟ್ಟದ ನಂದಿಯವರೆಗೆ ಹೋಗಿ ಬಂದರು. ಬೀದಿಯ ತುಂಬಾ ಸುಟ್ಟ ಟೂಟಿ ಎಣ್ಣೆ ಮತ್ತು ಮಲ್ಲಿಗೆ ಬೆರೆತು, ಗ್ಯಾರೇಜಿನಲ್ಲಿ ಮದುವೆ ಇಟ್ಟುಕೊಂಡ ಹಾಗಿತ್ತು.

ಗೆರೆ ಸ್ಪಷ್ಟವಾಗಿ ಮೂಡಿತ್ತು. ಕ್ಲಚ್ ಕವರಿನ ಹಿಂಭಾಗ, ಕೆಳಗಿನ ಅಂಚು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಈ ಜಾತಿಯ ಜನರಿಗೆ ಸಣ್ಣ ರೋಗ ಒಗ್ಗುವುದಿಲ್ಲ. "ಇದು ಬರೀ ಕವರಲ್ಲ, ಕ್ರ್ಯಾಂಕ್ ಸೀಲೇ ಹೋಗಿದೆ. ಪೂರ್ತಿ ಎಂಜಿನ್ ಬಿಚ್ಚಬೇಕು" ಎಂದು ಗಂಭೀರವಾಗಿ ಘೋಷಿಸಿ ರಾತ್ರಿ ಊಟ ಬಿಟ್ಟರು.

ಮೈಸೂರಿನ ಪುಣ್ಯ, ಕಾರ್ಖಾನೆ ಮುಚ್ಚಿದರೂ ಅಲ್ಲಿ ಕೈ ಪಳಗಿಸಿಕೊಂಡವರು ಊರಿನಲ್ಲೇ ಉಳಿದರು. ಅಂಥ ಒಬ್ಬ ಹಿರಿಯ ಮೇಸ್ತ್ರಿಯ ಶೆಡ್ಡಿಗೆ ರಾಯರು ಗಾಡಿಯನ್ನು ತಳ್ಳಿಕೊಂಡೇ ಹೋದರು. ಓಡಿಸಿದರೆ ಕ್ರ್ಯಾಂಕಿಗೆ ಆಯಾಸ. ನಾನೂ ಜೊತೆಗಿದ್ದೆ, ತಳ್ಳುವುದಕ್ಕೆ.

"ಸೈಲೆನ್ಸರಲ್ಲಿ ಬಿಳಿ ಹೊಗೆ ದಟ್ಟವಾಗಿ ಬರ್ತಿದ್ಯಾ ಸಾರ್?" ಎಂದರು ಮೇಸ್ತ್ರಿ.

"ಇಲ್ಲ."

"ನೆಲದ ಮೇಲೆ ಬೀಳದೇನೇ ಗೇರ್ ಆಯಿಲ್ ಕಮ್ಮಿ ಆಗ್ತಿದ್ಯಾ?"

"ಬೀಳ್ತಿದ್ಯಲ್ಲಾ ಮೇಸ್ತ್ರಿ, ಅದಕ್ಕೇ ಬಂದಿದ್ದು."

"ಹಂಗಾದ್ರೆ ಕ್ರ್ಯಾಂಕ್ ಸೀಲ್ ಚೆನ್ನಾಗೈತೆ. ಅದು ಹೋದ್ರೆ ಎಂಜಿನ್ನು ಆಯಿಲ್ನ ಒಳಗೇ ಕುಡೀತದೆ, ಹೊರಗೆ ಬಿಡಲ್ಲ. ಕೂತ್ಕೊಳಿ, ಟೀ ಹೇಳ್ತೀನಿ."

ರಾಯರ ಮುಖದ ಮೇಲೆ ಮೂಡಿದ್ದು ಸಮಾಧಾನವಲ್ಲ, ನಿರಾಶೆ.

ಮೇಸ್ತ್ರಿ ಎಣ್ಣೆ ಇಳಿಸಿ, ಕವರ್ ಬಿಚ್ಚಿ, ಅನಾಬಾಂಡ್ ಹೆರೆದು ತೆಗೆದರು. ಆಮೇಲೆ ಕಣ್ಣು ಬೇರೆಲ್ಲೋ ಇಟ್ಟು, ಹೆಬ್ಬೆರಳಿನ ಉಗುರನ್ನು ಕವರಿನ ಅಂಚಿನ ಮೇಲೆ ನಿಧಾನವಾಗಿ ಎಳೆಯುತ್ತಾ ಬಂದರು. ಒಂದು ಕಡೆ ಉಗುರು ಟಕ್ಕೆಂದು ನಿಂತಿತು. ಹಿಂಭಾಗ, ಕೆಳಗೆ, ಪೌಡರ್ ತೋರಿಸಿದ ಜಾಗವೇ. ಅಲ್ಯೂಮಿನಿಯಮ್ಮಿನಲ್ಲಿ ಅಕ್ಕಿಕಾಳಿನಷ್ಟು ಕಚ್ಚು.

"ಸ್ಕ್ರೂಡ್ರೈವರ್ ತೂರ್ಸಿ ಎಬ್ಸಿದಾರೆ. ಯಾರ್ ಸಾರ್ ಈ ಕೆಲಸ ಮಾಡಿದ್ದು?"

ರಾಯರು ಶೆಡ್ಡಿನ ತಗಡು ನೋಡಿದರು. "ಹಿಂದಿನ ಓನರ್ರು" ಎಂದರು. ಹಿಂದಿನ ಓನರು ಅವರ ಸ್ವಂತ ಸೋದರಮಾವ, ತೀರಿಕೊಂಡು ಬಹಳ ಕಾಲವಾಗಿದೆ. ಕಚ್ಚು ಮಾತ್ರ ಹೊಸದಾಗಿ ಹೊಳೆಯುತ್ತಿತ್ತು. ಮೇಸ್ತ್ರಿ ಏನೂ ಅನ್ನಲಿಲ್ಲ. ದೊಡ್ಡ ಮನುಷ್ಯ.

ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಹಾಸಿ, ಕವರನ್ನು ಬೋರಲು ಹಾಕಿ, ಎಂಟರ ಆಕಾರದಲ್ಲಿ ಉಜ್ಜಿದರು. ಅಂಚೆಲ್ಲ ಒಂದೇ ಬೂದು ಬಣ್ಣಕ್ಕೆ ತಿರುಗುವವರೆಗೆ ಕೈ ನಿಲ್ಲಲಿಲ್ಲ. ಪ್ಯಾಕಿಂಗ್ ಅಂಗಡಿಯಿಂದ ತಂದದ್ದಲ್ಲ. ಪ್ಯಾಕಿಂಗ್ ಶೀಟನ್ನು ಕವರಿನ ಮೇಲಿಟ್ಟು, ಸಣ್ಣ ಸುತ್ತಿಗೆಯಿಂದ ಅಂಚಿನುದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋದರೆ ಕಾಗದ ತಾನಾಗಿ ಕತ್ತರಿಸಿಕೊಳ್ಳುತ್ತದೆ. ಸ್ಕ್ರೂ ತೂತಿನ ಮೇಲೆ ಬೇರಿಂಗಿನ ಗುಂಡು ಇಟ್ಟು ಒಂದು ಪೆಟ್ಟು ಕೊಟ್ಟರೆ ಅಚ್ಚುಕಟ್ಟಾದ ರಂಧ್ರ. ಎರಡೂ ಕಡೆ ತೆಳುವಾಗಿ ಗ್ರೀಸ್ ಸವರಿ ಕೂರಿಸಿ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದರು. ಹೊಸ ಎಣ್ಣೆಯನ್ನು ಅಳೆದು ಹಾಕಿದರು, ರಾಯರ ಹಾಗೆ ಅಂದಾಜಿನಲ್ಲಿ ತುಂಬಿಸಲಿಲ್ಲ. ಇಷ್ಟಕ್ಕೂ ಅವರು ಕೇಳಿದ ಹಣ, ಖಾಲಿಯಾದ ಪೌಡರ್ ಡಬ್ಬಿಗಳ ಬೆಲೆಗಿಂತ ಕಡಿಮೆ.

ಮರುದಿನದ ರಟ್ಟು ಒಣಗಿತ್ತು. ಅದರ ಮರುದಿನವೂ. ಕಾಫಿ ಆರಿದರೂ ರಾಯರು ರಟ್ಟನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಒಂದು ವಾರ ಮನೆಯಲ್ಲಿ ಕಾಲು ನಿಲ್ಲದೆ ಓಡಾಡಿ, ಮಿಕ್ಸಿ ಬಿಚ್ಚಿ ಜೋಡಿಸಿದರು. ಅದೀಗ ಒಂದೇ ಸ್ಪೀಡಿನಲ್ಲಿ ತಿರುಗುತ್ತದೆ. ಬುಲೆಟ್ಟಿನವರ ಮನೆಗೆ ತಾವಾಗಿಯೇ ಹೋಗಿ, "ನಿಮ್ಮದು ತೊಟ್ಟಿಕ್ಕೋ ಹಂತಕ್ಕೆ ಬಂದಿದೆ, ಬಿಚ್ಚಿ ನೋಡೋಣವಾ?" ಎಂದರು. ಅವರು ಅಂದಿನಿಂದ ಗೇಟಿಗೆ ಬೀಗ ಹಾಕುತ್ತಿದ್ದಾರೆ.

ಈಗ ರಾಯರು, ಯಾರದಾದರೂ ಹಿತ್ತಿಲಲ್ಲಿ ಹಳೆಯ ಯೆಜ್ದಿ ತುಕ್ಕು ಹಿಡಿದು ಬಿದ್ದಿದೆಯೇ ಎಂದು ಸಿಕ್ಕಸಿಕ್ಕವರನ್ನೆಲ್ಲ ವಿಚಾರಿಸುತ್ತಿದ್ದಾರೆ. ಓದುಗರಲ್ಲಿ ಅವರ ಮನೆಯಾಕೆಯ ಪರವಾಗಿ ಒಂದೇ ವಿನಂತಿ: ನಿಮ್ಮ ಹಿತ್ತಿಲಲ್ಲಿ ಅಂಥದ್ದೇನಾದರೂ ಇದ್ದರೆ ದಯವಿಟ್ಟು ಗುಜರಿಗೆ ಹಾಕಿ, ರಾಯರಿಗೆ ಮಾತ್ರ ಹೇಳಬೇಡಿ.