ಮಗ್ಗಿ ಮಾವ

ನಂದಿನಿ ಬೂತು ಇಲ್ಲದ ಬಡಾವಣೆ ಇರಬಹುದು, ಮಗ್ಗಿ ಮಾವ ಇಲ್ಲದ ಬಡಾವಣೆ ಇಲ್ಲ. ಬ್ಯಾಂಕಿನಿಂದಲೋ ಖಜಾನೆಯಿಂದಲೋ ನಿವೃತ್ತರಾದವರು, ವಯಸ್ಸು ಎಪ್ಪತ್ತರ ಆಚೀಚೆ, ಬೇಸಿಗೆಯಲ್ಲೂ ಕತ್ತಿಗೆ ಮಫ್ಲರು. ಸ್ವಂತ ಮೊಮ್ಮಕ್ಕಳು ನ್ಯೂಜೆರ್ಸಿಯಲ್ಲಿದ್ದಾರೆ. ಅವರು ಪ್ರಶ್ನೆ ಶುರುವಾದ ಕೂಡಲೇ ವಿಡಿಯೋ ಕಾಲ್ ಕಟ್ ಮಾಡುವುದನ್ನು ಕಲಿತಿದ್ದಾರೆ. ಹಾಗಾಗಿ ಮಾವನಿಗೆ ಎದುರುಮನೆ, ಕೆಳಮನೆ ಮಕ್ಕಳೇ ಗತಿ. ಅದರಲ್ಲೂ ಮೂರನೇ ಕ್ಲಾಸಿನವು. ಎರಡನೇ ಕ್ಲಾಸಿನವು ಅತ್ತುಬಿಡುತ್ತವೆ, ಐದನೇ ಕ್ಲಾಸಿನವು ಎದುರುತ್ತರ ಕೊಡುತ್ತವೆ.

ಅವರಿಗೆ ಲಿಫ್ಟೇ ಪರೀಕ್ಷಾ ಕೇಂದ್ರ. ಬಾಗಿಲು ಮುಚ್ಚಿಕೊಂಡ ಮೇಲೆ ಮಗು ಎಲ್ಲಿಗೂ ಓಡುವ ಹಾಗಿಲ್ಲ.

"ಯಾವ ಕ್ಲಾಸು ಪುಟ್ಟಾ?"

"ಥರ್ಡ್."

"ಏಳೆಂಟ್ಲ ಎಷ್ಟು?"

ಹೆಸರು ಕೇಳುವುದಿಲ್ಲ, ಶಾಲೆ ಕೇಳುವುದಿಲ್ಲ. ಎರಡೈದ್ಲ ಎಷ್ಟು ಅಂತಲೂ ಅವರು ಯಾರನ್ನೂ ಕೇಳಿದ್ದಿಲ್ಲ. ಮಗು ಸರಿಯಾಗಿ ಹೇಳಿಬಿಟ್ಟರೆ ಆಮೇಲೆ ಮಾತಾಡಲು ಏನು ಉಳಿಯುತ್ತದೆ? ಏಳೆಂಟ್ಲ ಅಂದರೆ ನಂಬಿಕೆಯ ಪ್ರಶ್ನೆ, ಹತ್ತರಲ್ಲಿ ಎಂಟು ಮಕ್ಕಳು ತಡವರಿಸುತ್ತವೆ. ತಡವರಿಸಿದ ಮೇಲೆ ನಾಲ್ಕನೇ ಮಹಡಿ ಬರುವವರೆಗೂ ಮಾವನದೇ ರಾಜ್ಯಭಾರ: "ನಮ್ಮ ಕಾಲದಲ್ಲಿ..."

ಅವರ ಕಾಲದ ಮಗ್ಗಿ ಹತ್ತಕ್ಕೆ ನಿಲ್ಲುತ್ತಿರಲಿಲ್ಲ. ಇಪ್ಪತ್ತರವರೆಗೆ, ಆಮೇಲೆ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ. ಅವಿಲ್ಲದೆ ಸಂತೆಯಲ್ಲಿ ಬದನೆಕಾಯಿ ಕೊಳ್ಳೋಕೂ ಆಗ್ತಿರಲಿಲ್ಲ, ರೂಪಾಯಿಗೆ ಹದಿನಾರಾಣೆ ಅಲ್ವೇ ಅನ್ನುತ್ತಾರೆ. ಮಾತು ನಿಜ. ಆದರೆ ಆಣೆಯ ಲೆಕ್ಕ ಹೋಗಿ ನಯೇ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಆ ದಿನ ಮಾವ ತೊಟ್ಟಿಲಲ್ಲಿ ಬೆರಳು ಚೀಪುತ್ತಿದ್ದರು ಎಂಬುದನ್ನು ಅವರ ಆಧಾರ್ ಕಾರ್ಡೇ ಹೇಳುತ್ತದೆ.

ಪರೀಕ್ಷೆಗೆ ಭಾಷೆಯ ತೊಡಕೂ ಇದೆ. ಮಗು ಕಲಿತಿರುವುದು 'ಸೆವೆನ್ ವನ್ಝ ಸೆವೆನ್, ಸೆವೆನ್ ಟೂಝ ಫೋರ್ಟೀನ್'. ಮಾವ ಏಳೆಂಟ್ಲ ಅಂದಾಗ ಅದು ಮೊದಲು ಏಳನ್ನು ಸೆವೆನ್ ಮಾಡಿಕೊಂಡು, ಎಂಟನ್ನು ಏಟ್ ಮಾಡಿಕೊಂಡು, ಆಮೇಲೆ ಗುಣಿಸಬೇಕು. ಇಷ್ಟೆಲ್ಲ ಮಾಡಿ "ಫಿಫ್ಟಿ ಸಿಕ್ಸ್" ಅಂದರೆ, "ತಪ್ಪು! ಐವತ್ತಾರು!" ಅನ್ನುತ್ತಾರೆ ಮಾವ. ಲಿಫ್ಟಿನಲ್ಲಿದ್ದವರು ನಕ್ಕರೆ, "ಕನ್ನಡದಲ್ಲಿ ಹೇಳ್ಲಿಲ್ಲ ಅಂತ ಹೇಳಿದ್ದು" ಎಂದು ಮೀಸೆ ಕೊಡವಿಕೊಳ್ಳುತ್ತಾರೆ.

ಶಕುಂತಲಾ ದೇವಿಯವರ ಹೆಸರು ಅವರ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರಬೇಕು. "ನಮ್ಮ ಬೆಂಗಳೂರಿನ ಹೆಣ್ಣುಮಗಳು! 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಯ ಎರಡು ಸಂಖ್ಯೆಗಳನ್ನ 28 ಸೆಕೆಂಡಲ್ಲಿ ಗುಣಿಸಿದ್ರು. ನಿನಗೆ ಏಳೆಂಟಕ್ಕೇ ಅರ್ಧ ನಿಮಿಷ!" ಒಮ್ಮೆ ಕೆಳಮನೆ ಹುಡುಗಿ ತುಂಬ ಮರ್ಯಾದೆಯಿಂದಲೇ ಕೇಳಿದಳು: "ಅವರು ಯಾವ ಸ್ಕೂಲು, ತಾತ?" ಶಕುಂತಲಾ ದೇವಿ ಕ್ರಮವಾಗಿ ಶಾಲೆಗೆ ಹೋದವರೇ ಅಲ್ಲ. ಅದು ಮಾವನಿಗೂ ಗೊತ್ತು. ಅವತ್ತು ಅವರಿಗೆ ಇದ್ದಕ್ಕಿದ್ದ ಹಾಗೆ ಔಷಧಿ ಅಂಗಡಿಯ ನೆನಪಾಯಿತು.

ಈಚೆಗೆ ಅವರ ಜೇಬಿಗೆ ಹೊಸ ಅಸ್ತ್ರ ಬಂದಿದೆ, ಪತ್ರಿಕೆಯ ಒಂದು ತುಣುಕು. ಕೇಂದ್ರ ಸರ್ಕಾರ 2024ರ ಡಿಸೆಂಬರ್ 4ರಂದು ನಡೆಸಿದ 'ಪರಖ್' ಸರ್ವೇಕ್ಷಣೆಯಲ್ಲಿ, ಆರನೇ ತರಗತಿಯವರಲ್ಲಿ ಹತ್ತರವರೆಗಿನ ಮಗ್ಗಿ ಗೊತ್ತಿದ್ದು ಲೆಕ್ಕಕ್ಕೆ ಬಳಸಬಲ್ಲವರು ಶೇ. 53 ಮಾತ್ರ ಎಂಬ ಸುದ್ದಿ ಅದು. ತುಣುಕನ್ನು ಮಡಚಿ ಮಡಚಿ 'ಆರನೇ' ಎಂಬ ಪದ ಅಳಿಸಿಹೋಗಿದೆ, ಮಾವ ಅಲ್ಲಿ ಅನುಕೂಲಕ್ಕೆ ತಕ್ಕ ಹಾಗೆ 'ಮೂರನೇ' ಎಂದು ಓದುತ್ತಾರೆ. ಅದು ಆಯ್ದ ಶಾಲೆಗಳಲ್ಲಿ ನಡೆದ ಸಮೀಕ್ಷೆ, ಅಳೆದದ್ದು ವ್ಯವಸ್ಥೆಯನ್ನು, ಯಾವ ಮಗುವಿಗೂ ಅದರಲ್ಲಿ ಪಾಸು ಫೇಲಿಲ್ಲ ಎಂದು ನಾನು ಹೇಳಿ ನೋಡಿದೆ. "ಅದಕ್ಕೇ ಹೀಗಾಗಿದ್ದು" ಎಂದರು.

ಕೆಳಮನೆಯಲ್ಲಿ ಮೊನ್ನೆ ಯೂನಿಟ್ ಟೆಸ್ಟಿನ ಹಿಂದಿನ ಸಂಜೆ. ತಾಯಿ ಚಪಾತಿ ಲಟ್ಟಿಸುತ್ತಿದ್ದಾಳೆ, ಮಗಳು ಅಡುಗೆಮನೆಯ ಕಟ್ಟೆಯ ಮೇಲೆ ಚೌಕುಳಿ ಹಾಳೆ ಹರಡಿಕೊಂಡು ಕೂತಿದ್ದಾಳೆ. ಎರಡರಿಂದ ಒಂಬತ್ತರವರೆಗೆ ಅಡ್ಡಕ್ಕೊಂದು, ಉದ್ದಕ್ಕೊಂದು ಸಾಲು, ಒಟ್ಟು 64 ಮನೆ. ಮೂರ್ನಾಕ್ಲವೂ ನಾಕ್ಮೂರ್ಲವೂ ಒಂದೇ ಅಂತ ಗೊತ್ತಾದ ಕೂಡಲೇ 28 ಮನೆ ಹೊಡೆದುಹಾಕಿದಳು. ಉಳಿದದ್ದು 36. ಎರಡರದು, ಐದರದು ಮೊದಲೇ ಬರುತ್ತಿತ್ತು, ಅಲ್ಲಿಗೆ 21. ಒಂಬತ್ತರ ಮಗ್ಗಿಗೆ ತಾಯಿ ಹಿಟ್ಟಿನ ಕೈಯಲ್ಲೇ ದಾರಿ ತೋರಿಸಿದಳು: "ಹತ್ತೆಂಟ್ಲ ಎಂಬತ್ತು ಗೊತ್ತಲ್ಲ, ಅದರಲ್ಲಿ ಒಂದು ಎಂಟು ತೆಗಿ." ಎಪ್ಪತ್ತೆರಡು. ಇನ್ನು ಆರು ಮನೆ ಹೋಯಿತು. ಕೊನೆಗೆ ನಿಜವಾಗಿ ಬಾಯಿಪಾಠ ಮಾಡಬೇಕಾದ್ದು ಹದಿನೈದೇ ಹದಿನೈದು. ಹುಡುಗಿ ಅದನ್ನು ಎರಡು ಸಲ ಎಣಿಸಿ ನೋಡಿದಳು, ಇಷ್ಟು ಕಡಿಮೆ ಇದ್ದದ್ದಕ್ಕೆ ಇಷ್ಟು ದಿನ ಹೆದರಿಸಿದರಲ್ಲ ಎಂಬ ಸಿಟ್ಟು ಮುಖದಲ್ಲಿ.

ಆಗ ಬೆಲ್ಲು. ಪರೀಕ್ಷೆ ಹತ್ತಿರ ಬಂದದ್ದು ಮಾವನಿಗೆ ಹೇಗೆ ತಿಳಿಯುತ್ತದೋ, ಶಾಲೆಯ ವಾಟ್ಸಾಪ್ ಗುಂಪಿನಲ್ಲಂತೂ ಅವರಿಲ್ಲ.

"ಏನಮ್ಮಾ, ಮಗಳು ತಯಾರೋ? ಏಳೆಂಟ್ಲ?"

ಹುಡುಗಿ ಹಾಳೆ ನೋಡಲಿಲ್ಲ. "ಐದೆಂಟ್ಲ ನಲವತ್ತು, ಎರಡೆಂಟ್ಲ ಹದಿನಾರು, ಐವತ್ತಾರು."

ಕನ್ನಡದಲ್ಲೇ ಹೇಳಿದಳು, ಸರಿಯಾಗಿಯೇ ಹೇಳಿದಳು. ಮಾವನಿಗೆ ಸಮಾಧಾನವಾಗಬೇಕಿತ್ತು.

"ಇದೇನಿದು ಕಳ್ಳದಾರಿ? ಮಗ್ಗಿ ಅಂದ್ರೆ ಹಾಗೇ ಬಾಯಿಗೆ ಬರಬೇಕು. ನಾವು ಇಪ್ಪತ್ತರವರೆಗೆ ಇನ್ನೂರೂ ಬಾಯಿಪಾಠ ಮಾಡಿದ್ವಿ. ತಪ್ಪಿದ್ರೆ ಬೆತ್ತ. ಈಗ ಬೆತ್ತ ಮುಟ್ಟಿದ್ರೆ ಕಾನೂನು ಅಂತಾರೆ."

"ಹೌದು ಅಂಕಲ್, ಶಿಕ್ಷಣ ಹಕ್ಕು ಕಾಯ್ದೆ. 2009ರಲ್ಲೇ ಬಂತು," ಎಂದಳು ತಾಯಿ. ಲಟ್ಟಣಿಗೆ ಅವಳ ಕೈಯಲ್ಲೇ ಇತ್ತು.

ಹುಡುಗಿಗೆ ನಿಜವಾದ ಕುತೂಹಲ. "ಇನ್ನೂರೂ ಬರತ್ತಾ ತಾತ? ಹದಿನೇಳೆಂಟ್ಲ ಎಷ್ಟು?"

ಮಾವ ಸೋಫಾದಲ್ಲಿ ನೆಟ್ಟಗೆ ಕೂತರು. ಕಣ್ಣು ಸೂರಿನ ಕಡೆ ಹೋಯಿತು. ತುಟಿ ಅಲ್ಲಾಡತೊಡಗಿತು. ಹದಿನೇಳೊಂದ್ಲ ಹದಿನೇಳು, ಹದಿನೇಳೆರಡ್ಲ ಮೂವತ್ನಾಕು... ಅವರ ಮಗ್ಗಿ ಆರಂಭದಿಂದ ಹೊರಟರೆ ಮಾತ್ರ ಎಂಟನ್ನು ತಲುಪುತ್ತದೆ, ನಡುವೆ ಎಲ್ಲೂ ಹತ್ತಲು ಬರುವುದಿಲ್ಲ. ಐದರ ಹತ್ತಿರ ಬಂದಾಗ ತಾಯಿ "ಕಾಫಿಗೆ ಸಕ್ಕರೆ ಎಷ್ಟು ಅಂಕಲ್?" ಅಂದುಬಿಟ್ಟಳು. ಮತ್ತೆ ಹದಿನೇಳೊಂದ್ಲದಿಂದ.

ಅಷ್ಟರಲ್ಲಿ ಹುಡುಗಿ ತಾನೇ ಹೇಳಿದಳು: "ಹತ್ತೆಂಟ್ಲ ಎಂಬತ್ತು, ಏಳೆಂಟ್ಲ ಐವತ್ತಾರು. ನೂರಾ ಮೂವತ್ತಾರು."

"ನಾನೂ ಅದೇ ಹೇಳೋನಿದ್ದೆ," ಎಂದರು ಮಾವ.

ಮಗ್ಗಿ ಬಾಯಿಗೆ ಬರಬೇಕು ಎಂಬ ಅವರ ಮಾತನ್ನು ನಾನು ತೆಗೆದುಹಾಕುವುದಿಲ್ಲ. ಭಾಗಾಕಾರ ಮಾಡುತ್ತ ಕೂತ ಮಗು ಪ್ರತಿ ಹೆಜ್ಜೆಗೂ ಬೆರಳೆಣಿಸುತ್ತಿದ್ದರೆ ಲೆಕ್ಕ ಎಲ್ಲಿಗೆ ಬಂದಿತ್ತೆಂಬುದೇ ಅದಕ್ಕೆ ಮರೆತುಹೋಗುತ್ತದೆ. ಆದರೆ ಮಾವ ಇಷ್ಟು ವರ್ಷದಲ್ಲಿ ಯಾವ ಮಗುವಿಗೂ ಒಂದು ಮಗ್ಗಿಯನ್ನೂ ಕಲಿಸಿಲ್ಲ, ಕೇಳಿದ್ದಾರೆ ಅಷ್ಟೆ. ಕಲಿಸುವವರು ಅಡುಗೆಮನೆಯಲ್ಲಿರುತ್ತಾರೆ, ಇಲ್ಲವೇ ನಲಿ-ಕಲಿ ತರಗತಿಯಲ್ಲಿ ಹುಣಸೆಬೀಜ ಹರಡಿಕೊಂಡು ನೆಲದ ಮೇಲೆ ಕೂತಿರುತ್ತಾರೆ. ಅವರಿಗೆ ಲಿಫ್ಟಿನಲ್ಲಿ ಮಗುವನ್ನು ತಡೆದು ನಿಲ್ಲಿಸುವ ಪುರುಸೊತ್ತಿಲ್ಲ.

ನಿಮ್ಮ ಮನೆಯಲ್ಲೂ ಮೂರನೇ ಕ್ಲಾಸಿನ ಮಗುವಿದ್ದು, ನಾಳೆ ಟೆಸ್ಟಿದ್ದು, ಇವತ್ತು ಸಂಜೆ ಬೆಲ್ಲಾದರೆ ಗಾಬರಿಯಾಗಬೇಡಿ. ಮಾವನನ್ನು ಒಳಗೆ ಕರೆದು, ಕೂರಿಸಿ, ಕಾಫಿ ಕೊಟ್ಟು, ಹತ್ತೊಂಬತ್ತೇಳ್ಲ ಎಷ್ಟು ಎಂದು ವಿನಯದಿಂದ ಕೇಳಿ. ಅವರು ಒಂದರಿಂದ ಹೊರಟು ಏಳನ್ನು ಮುಟ್ಟುವುದರೊಳಗೆ ಮಗುವಿಗೆ ಊಟ ಮಾಡಿಸಿ ಮಲಗಿಸಬಹುದು.