ಗೊಜ್ಜಾಮಿನಲ್ಲಿ ಅಮ್ಮ

ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದ ಇಥಿಯೋಪಿಯಾದಲ್ಲಿ ಭಾರತದ ಮೇಷ್ಟ್ರುಗಳು ಹಳ್ಳಿಗಾಡಿನಲ್ಲೂ ಅಪರೂಪವೇನಲ್ಲ. ಗೊಜ್ಜಾಮ್ ಪ್ರಾಂತ್ಯದ ಒಂದು ಶಾಲೆಯ ಪಾಲಿಗೆ ಬಂದವನು ನಾನು. ಹೈಸ್ಕೂಲಿನ ಪಾಠವೆಲ್ಲ ಇಂಗ್ಲಿಷಿನಲ್ಲೇ ಆದ್ದರಿಂದ ಗಣಿತಕ್ಕೆ ತೊಂದರೆಯಿರಲಿಲ್ಲ. ತೊಂದರೆಯಿದ್ದದ್ದು ಹೆಸರಿಗೆ. ಕೆ.ಎಸ್. ಎಂದರೇನೆಂದು ಗುಮಾಸ್ತ ಕೇಳಿದ. ಕಡೂರು, ಶ್ರೀನಿವಾಸಯ್ಯ ಎಂದೆ. ಅಲ್ಲಿ ಮನೆತನದ ಹೆಸರಿಲ್ಲ. ತನ್ನದು, ಅಪ್ಪನದು, ಅಜ್ಜನದು, ಇಷ್ಟೇ. ಸಂಬಳದ ಪಟ್ಟಿಯಲ್ಲಿ ಕಡೂರು ನನ್ನ ಅಜ್ಜನಾಯಿತು.

"ಆಗ್ಲಿ ಬಿಡೋ, ನಿಮ್ಮಜ್ಜ ಊರೆಲ್ಲಾ ತಮ್ದೇ ಅಂತಿದ್ರು" ಎಂದಳು ಅಮ್ಮ.

ಅಮ್ಮನನ್ನು ಕರೆಸಿಕೊಳ್ಳುವಾಗ ನನಗೂ ನನ್ನವಳಿಗೂ ಇದ್ದ ಚಿಂತೆ ಒಂದೇ: ಮಡಿ, ಮೈಲಿಗೆ, ಏಕಾದಶಿಗಳ ಈ ಹೆಂಗಸು ಇಲ್ಲಿ ಹೇಗೆ ಒಗ್ಗಿಕೊಂಡಾಳು? ಒಗ್ಗದೆ ಉಳಿದವರು ನಾವಿಬ್ಬರು. ಅಲ್ಲಿನ ಗಡಿಯಾರದಲ್ಲಿ ನಮ್ಮ ಬೆಳಗಿನ ಏಳು ಗಂಟೆ ಎಂದರೆ ಒಂದು ಗಂಟೆ. ನಾವು ದಿನವೂ ಆರು ಕೂಡಿಸಿ ಕಳೆದು ಸುಸ್ತಾಗುತ್ತಿದ್ದೆವು. ಅಮ್ಮ ಬಂದ ವಾರವೇ ಅಲಾರಂ ಗಡಿಯಾರದ ಮುಳ್ಳು ತಿರುಗಿಸಿಟ್ಟಳು. "ದಿನ ಹುಟ್ಟೋದು ಸೂರ್ಯ ಹುಟ್ಟಿದಾಗ. ನಡುರಾತ್ರೀಲಿ ಹುಟ್ಟೋದು ನಿಮ್ಮ ಇಂಗ್ಲಿಷರಿಗೆ ಮಾತ್ರ." ವರ್ಷಕ್ಕೆ ಹದಿಮೂರು ತಿಂಗಳು, ಕೊನೆಯದಕ್ಕೆ ಐದೋ ಆರೋ ದಿನ ಎಂದಾಗಲೂ ಬೆರಗಾಗಲಿಲ್ಲ. "ಅಧಿಕಮಾಸ ಅನ್ನು. ನಮಗೆ ಮೂರು ವರ್ಷಕ್ಕೊಂದು ಸಲ, ಪಾಪ ಇವ್ರಿಗೆ ವರ್ಷಾವರ್ಷಾ."

ಒಂದೇ ವಿಷಯದಲ್ಲಿ ಅಮ್ಮ ಗಾಬರಿಬಿದ್ದಳು. ಆ ಸೀಮೆಯವರು ಹೌದು ಎನ್ನುವುದಕ್ಕೆ ಸರಕ್ಕನೆ ಉಸಿರು ಒಳಗೆಳೆದುಕೊಳ್ಳುತ್ತಾರೆ. "ಅರ್ಥವಾಯಿತೆ?" ಎಂದು ಕೇಳಿದರೆ ತರಗತಿಗೆ ತರಗತಿಯೇ ಹೌಹಾರಿದ ಹಾಗೆ ಸದ್ದು. (ಬೀಜಗಣಿತಕ್ಕೆ ಅದು ತಕ್ಕ ಉತ್ತರವೇ ಎಂದು ನನ್ನ ಅನಿಸಿಕೆ.) ಪಕ್ಕದ ಮನೆಯ ಹುಡುಗಿಯನ್ನು ಅಮ್ಮ ಸನ್ನೆಯಲ್ಲೇ "ಊಟ ಆಯ್ತಾ?" ಎಂದು ಕೇಳಿದಳು. ಹುಡುಗಿ ಉಸಿರೆಳೆದಳು. "ಅಯ್ಯೋ, ಎಳೇ ಮಗೂಗೆ ಉಬ್ಬಸ!" ಎಂದು ಬೆನ್ನು ನೀವಿ, ಶುಂಠಿ ಕಷಾಯ ಕುಡಿಸಿಯೇ ಬಿಟ್ಟಳು. ಮಾರನೆಯ ದಿನ ಹುಡುಗಿ ತಂಗಿಯನ್ನೂ ಕರೆತಂದಳು. ಬೆಲ್ಲ ಧಾರಾಳವಾಗಿತ್ತು.

ಆ ಹುಡುಗಿಯ ತಾಯಿಯ ಮನೆ ಅಮ್ಮನ ಮಧ್ಯಾಹ್ನದ ಠಾವಾಯಿತು. ಇಬ್ಬರಿಗೂ ಪರಸ್ಪರರ ಮಾತು ಬಾರದು, ಇಬ್ಬರೂ ನಿಲ್ಲಿಸುತ್ತಿರಲಿಲ್ಲ. ಆಕೆ ಹಸಿ ಕಾಫಿಬೀಜವನ್ನು ಎದುರಿಗೇ ಹುರಿದು, ಹೊಗೆಯನ್ನು ಅಮ್ಮನ ಮೂಗಿನ ಹತ್ತಿರ ಹಿಡಿದು, ಕುಟ್ಟಿ, ಮಣ್ಣಿನ ಜಬೆನಾದಲ್ಲಿ ಕುದಿಸಿ ಮೂರು ಸುತ್ತು ಕೊಡುತ್ತಿದ್ದಳು. ದೋಸೆಯಂಥ ಇಂಜೆರಾ ನೋಡಿ ಮಾತ್ರ ಅಮ್ಮ, "ಹಿಟ್ಟು ಚೆನ್ನಾಗಿ ಹುಳಿ ಬಂದಿದೆ, ಮಗುಚೋದು ಮರ್ತಿದ್ದಾಳೆ" ಎಂದಳು.

ಕಾಫಿಯ ತವರಿನವರಿಗೆ ಫಿಲ್ಟರ್ ಕಾಫಿ ತೋರಿಸಬೇಕೆಂದು ಅಮ್ಮ ಒಂದು ಬುಧವಾರ ನೊರೆಹಾಲು ಹಾಕಿ ಒಯ್ದಳು. ಆಕೆ ಎರಡೂ ಕೈಯಿಂದ ಲೋಟ ತಳ್ಳಿದಳು. ಬುಧವಾರ, ಶುಕ್ರವಾರ ಆರ್ಥೊಡಾಕ್ಸ್ ಕ್ರೈಸ್ತರಿಗೆ ಉಪವಾಸ. ಮಾಂಸ, ಮೊಟ್ಟೆ ಹೋಗಲಿ, ಹಾಲು, ಬೆಣ್ಣೆಯೂ ಕೂಡದು. ವರ್ಷದಲ್ಲಿ ಅಂಥ ದಿನಗಳು ನೂರೆಂಬತ್ತರ ಹತ್ತಿರ. ಏಕಾದಶಿಯ ದಿನ ಹಾಲು, ಹಣ್ಣು, ಅವಲಕ್ಕಿ ಎಂದು ಮೂರು ಸಲ ಫಲಾಹಾರ ಮಾಡುವ ಅಮ್ಮ ಪೆಚ್ಚಾದಳು. ಅವಳಿಗಿಂತ ಮಡಿಯವರನ್ನು ಅವಳು ಕಂಡದ್ದು ಅದೇ ಮೊದಲು.

ಆಮೇಲೆ ಬುಧವಾರ, ಶುಕ್ರವಾರ ನಮ್ಮ ಮನೆಯಲ್ಲಿ ಯಾರಿಗೂ ಹಾಲಿನ ಕಾಫಿ ಸಿಗಲಿಲ್ಲ. ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಕದ್ದು ಕುಡಿಯುತ್ತಿದ್ದೆ.